ಮೊದಲು ಕಾಲು, ಆಮೇಲೆ ವಿಸಿಲ್: ಐಸ್ ಹಾಕಿ ರೆಫರಿ ಆಗಬೇಕೆನ್ನುವವರಿಗೆ

ನಾನು ಐಸ್ ಹಾಕಿ ಆಡಿದವಳಲ್ಲ. ಮಗನನ್ನು ಪ್ರಾಕ್ಟೀಸ್‌ಗೆ ಬಿಡಲು ಹೋಗಿ, ರಿಂಕ್ ಪಕ್ಕದ ಬೆಂಚಿನ ಮೇಲೆ 2 ವರ್ಷ ನಡುಗುತ್ತಾ ಕೂತವಳು. ಸುಮ್ನೆ ಕೂತು ಚಳಿಗೆ ಹಲ್ಲು ಕಟಕಟ ಅನ್ನಿಸುವ ಬದಲು ನಾನೂ ಸ್ಕೇಟಿಂಗ್ ಕಲಿತರೆ ಮೈಯಾದರೂ ಬೆಚ್ಚಗಾಗುತ್ತದೆ ಅಂತ 31ನೇ ವಯಸ್ಸಿನಲ್ಲಿ ಐಸ್‌ಗೆ ಇಳಿದೆ. 33ಕ್ಕೆ ರೆಫರಿಯ ಕಪ್ಪು ಬಿಳಿ ಪಟ್ಟೆಯ ಅಂಗಿ ಹಾಕಿದೆ. 11 ಸೀಸನ್ ಮಕ್ಕಳ ಪಂದ್ಯ, ಜೂನಿಯರ್ ಪಂದ್ಯ ಅಂತ ಓಡಾಡಿದೆ. ಆಮೇಲೆ ಬಲ ಮೊಣಕಾಲು ಸಾಕು ಅಂದಿತು. ಈಗ ಗ್ಯಾಲರಿಯಲ್ಲಿ ನೋಟ್‌ಬುಕ್ ಹಿಡಿದು ಕೂತು, ಮೇಲಿನ ಲೀಗ್‌ಗಳ ಕನಸು ಇರುವ ಹುಡುಗ ಹುಡುಗಿಯರ ಕೆಲಸ ನೋಡಿ ವರದಿ ಬರೆಯುತ್ತೇನೆ. ಮತ್ತೆ ಅದೇ ಬೆಂಚು, ಅದೇ ಚಳಿ.

ನಾನು ಪ್ರೊ ಆಗಲಿಲ್ಲ ಅನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಯಾರು ಮೇಲೆ ಹೋದರು, ಯಾರು ಅರ್ಧ ದಾರಿಯಲ್ಲಿ ನಿಂತರು ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ. ರೆಫರಿ ಅಂದರೆ ಕಣ್ಣು ಚುರುಕಾಗಿರಬೇಕು, ನಿಯಮ ಬಾಯಿಪಾಠ ಆಗಿರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಎರಡೂ ಬೇಕು. ಆದರೆ ಕಾಲು ನಿಮ್ಮನ್ನು ಸರಿಯಾದ ಜಾಗಕ್ಕೆ ಸರಿಯಾದ ಹೊತ್ತಿಗೆ ಮುಟ್ಟಿಸದಿದ್ದರೆ ಆ ಕಣ್ಣಿಗೆ ಕಾಣುವುದು ಆಟಗಾರರ ಬೆನ್ನು ಮಾತ್ರ. ಈ ಬರಹದಲ್ಲಿ ಕಾಲಿನ ವಿಷಯವೇ ಜಾಸ್ತಿ ಬಂದರೆ ಬೇಜಾರು ಮಾಡಿಕೊಳ್ಳಬೇಡಿ.

ಐಸ್ ಮೇಲೆ ಯಾರು ಏನು ಮಾಡುತ್ತಾರೆ

ದೊಡ್ಡ ಪಂದ್ಯದಲ್ಲಿ ನಾಲ್ಕು ಜನ ಇರುತ್ತಾರೆ. ಇಬ್ಬರು ರೆಫರಿ, ಇಬ್ಬರು ಲೈನ್ಸ್‌ಮನ್. ತೋಳಿಗೆ ಕಿತ್ತಳೆ ಬಣ್ಣದ ಪಟ್ಟಿ ಇದ್ದರೆ ಅವರು ರೆಫರಿ. ಪೆನಾಲ್ಟಿ ಕೊಡುವುದು (ತಪ್ಪು ಮಾಡಿದವನನ್ನು ಕೆಲವು ನಿಮಿಷ ಆಟದಿಂದ ಹೊರಗೆ ಕೂರಿಸುವುದು), ಗೋಲ್ ಹೌದೋ ಅಲ್ಲವೋ ಅಂತ ಹೇಳುವುದು ಅವರ ಕೆಲಸ. ಆಫ್‌ಸೈಡ್ (ಪಕ್‌ಗಿಂತ ಮೊದಲು ಎದುರಾಳಿಯ ನೀಲಿ ಗೆರೆ ದಾಟುವುದು), ಐಸಿಂಗ್ (ತನ್ನ ಅರ್ಧದಿಂದ ಪಕ್ಕನ್ನು ಎದುರಾಳಿಯ ಗೋಲ್ ಗೆರೆಯಾಚೆ ಹೊಡೆದುಬಿಡುವುದು) ನೋಡುವುದು, ಹೆಚ್ಚಿನ ಫೇಸ್‌ಆಫ್‌ಗಳಿಗೆ, ಅಂದರೆ ಆಟ ಶುರು ಮಾಡಲು ಇಬ್ಬರು ಆಟಗಾರರ ನಡುವೆ, ಪಕ್ (ಆಟದ ರಬ್ಬರ್ ಬಿಲ್ಲೆ) ಬಿಡುವುದು, ಜಗಳ ಬಿಡಿಸುವುದು ಲೈನ್ಸ್‌ಮನ್ ಪಾಲು. ಉತ್ತರ ಅಮೆರಿಕದ ಅತಿ ದೊಡ್ಡ ಪ್ರೊ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ತುಂಬಾ ವರ್ಷ ಒಬ್ಬರೇ ರೆಫರಿ ಇದ್ದರು. 1998-99ರಲ್ಲಿ ಕೆಲವು ಪಂದ್ಯಗಳಿಗೆ ಇಬ್ಬರನ್ನು ಹಾಕಿ ನೋಡಿದರು, 2000-01ರಿಂದ ಎಲ್ಲ ಪಂದ್ಯಗಳಿಗೂ ಇಬ್ಬರಾದರು.

ನೀವು ಶುರು ಮಾಡುವ ಮಕ್ಕಳ ಪಂದ್ಯದಲ್ಲಿ ಇಷ್ಟು ಜನ ಸಿಗುವುದಿಲ್ಲ. ಇಬ್ಬರೇ ಇರುತ್ತೀರಿ, ಇಬ್ಬರೂ ಎಲ್ಲವನ್ನೂ ಮಾಡಬೇಕು. ಆಫ್‌ಸೈಡೂ ನಿಮ್ಮದೇ, ಪೆನಾಲ್ಟಿಯೂ ನಿಮ್ಮದೇ, ಗೋಲಿನ ಪಕ್ಕಕ್ಕೆ ಓಡುವುದೂ ನಿಮ್ಮದೇ. ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ರೆಫರಿ ಆಗಬೇಕೋ ಲೈನ್ಸ್‌ಮನ್ ಆಗಬೇಕೋ ಅಂತ ಮೊದಲ ವರ್ಷವೇ ತಲೆ ಕೆಡಿಸಿಕೊಳ್ಳಬೇಡಿ. ಮೂರು ನಾಲ್ಕು ಸೀಸನ್ ಕಳೆಯುವಷ್ಟರಲ್ಲಿ ನಿಮ್ಮ ಸ್ವಭಾವ ಯಾವುದಕ್ಕೆ ಹೊಂದುತ್ತದೆ ಅಂತ ನಿಮಗಿಂತ ಮೊದಲು ನಿಮ್ಮನ್ನು ನೋಡುವವರಿಗೆ ಗೊತ್ತಾಗಿರುತ್ತದೆ.

ಕಾಲು

ಆಟಗಾರ ಒಂದು ಸಲಕ್ಕೆ 45 ಸೆಕೆಂಡಿನಷ್ಟು ಹೊತ್ತು ಜೀವ ಬಿಟ್ಟು ಓಡುತ್ತಾನೆ, ಬೆಂಚಿಗೆ ಹೋಗಿ ಕೂತು ನೀರು ಕುಡಿಯುತ್ತಾನೆ. ನಿಮಗೆ ಬೆಂಚಿಲ್ಲ. 20 ನಿಮಿಷದ ಪೀರಿಯಡ್ ಅಂದರೆ ಗಡಿಯಾರದ 20 ನಿಮಿಷ. ಆಟ ನಿಂತಾಗ ಗಡಿಯಾರವೂ ನಿಲ್ಲುವುದರಿಂದ ನಿಜವಾಗಿ ಅದಕ್ಕಿಂತ ತುಂಬಾ ಜಾಸ್ತಿ ಹೊತ್ತು. ಅಂಥವು ಮೂರು. ಎನ್‌ಎಚ್‌ಎಲ್ ರಿಂಕ್ 200 ಅಡಿ ಉದ್ದ, 85 ಅಡಿ ಅಗಲ. ಅಂತಾರಾಷ್ಟ್ರೀಯ ಪಂದ್ಯಗಳ ರಿಂಕ್ 60 ಮೀಟರ್ ಉದ್ದ, ಅಗಲ 26ರಿಂದ 30 ಮೀಟರ್. ಆ ಅಗಲದ ಕೆಲವು ಮೀಟರ್ ಕಾಗದದ ಮೇಲೆ ಏನೂ ಅನ್ನಿಸುವುದಿಲ್ಲ. ಮೂರನೇ ಪೀರಿಯಡ್‌ನಲ್ಲಿ ತೊಡೆಗೆ ಗೊತ್ತಾಗುತ್ತದೆ.

ಇನ್ನೊಂದು ವ್ಯತ್ಯಾಸ ಇದೆ. ಆಟಗಾರ ತಾನು ಹೋಗುವ ಕಡೆ ನೋಡುತ್ತಾನೆ. ನೀವು ಒಂದು ಕಡೆ ಹೋಗುತ್ತಾ ಇನ್ನೊಂದು ಕಡೆ ನೋಡಬೇಕು. ಅದಕ್ಕೇ ಚೆನ್ನಾಗಿ ಆಡುತ್ತಿದ್ದವರೂ ಮೊದಲ ದಿನ ಪಟ್ಟೆ ಅಂಗಿ ಹಾಕಿದಾಗ ಎಡವುತ್ತಾರೆ.

ಹೆಸರು ನೋಂದಾಯಿಸುವ ಮೊದಲು ನಿಮ್ಮನ್ನು ನೀವೇ ಪರೀಕ್ಷೆ ಮಾಡಿಕೊಳ್ಳಿ. ಮುಂದಕ್ಕೆ ಎಷ್ಟು ಸಲೀಸಾಗಿ ಹೋಗುತ್ತೀರೋ ಹಿಂದಕ್ಕೂ ಹೆಚ್ಚುಕಡಿಮೆ ಅಷ್ಟೇ ಸಲೀಸಾಗಿ ಹೋಗುತ್ತೀರಾ? ಎರಡೂ ಬದಿಗೆ ಗಕ್ಕನೆ ನಿಲ್ಲಲು ಬರುತ್ತದಾ? ಎರಡೂ ಕಡೆಗೆ ಕಾಲು ದಾಟಿಸಿ ತಿರುವು ತೆಗೆದುಕೊಳ್ಳುತ್ತೀರಾ? ಮುಂದಕ್ಕೆ ಹೋಗುತ್ತಾ ಇದ್ದವರು, ಪಕ್ ಮೇಲಿನ ಕಣ್ಣು ತೆಗೆಯದೆ, ತಿರುಗಿ ಹಿಂದಕ್ಕೆ ಹೋಗಬಲ್ಲಿರಾ?

ನನಗೆ ಬಲಬದಿಗೆ ನಿಲ್ಲಲು ಮಾತ್ರ ಬರುತ್ತಿತ್ತು. ಮೊದಲ ಸೀಸನ್ ಪೂರ್ತಿ ಅದನ್ನು ಮುಚ್ಚಿಟ್ಟೆ. ಎಡಕ್ಕೆ ನಿಲ್ಲಬೇಕಾದಲ್ಲೆಲ್ಲ ಒಂದು ಸುತ್ತು ಹೊಡೆದು ಬಲಕ್ಕೆ ನಿಲ್ಲುತ್ತಿದ್ದೆ. ಆ ಒಂದು ಸುತ್ತಿನಲ್ಲಿ ಆಟಕ್ಕೆ ನನ್ನ ಬೆನ್ನು. ಯಾರಿಗೂ ಗೊತ್ತಾಗಿಲ್ಲ ಅಂದುಕೊಂಡಿದ್ದೆ. ಸೀಸನ್ ಕೊನೆಯಲ್ಲಿ ಒಬ್ಬ ನಿವೃತ್ತ ಲೈನ್ಸ್‌ಮನ್ ಹತ್ತಿರ ಬಂದು, "ನೀವು ನೀಲಿ ಗೆರೆಯ ಹತ್ತಿರ ಪ್ರದಕ್ಷಿಣೆ ಯಾಕೆ ಹಾಕ್ತೀರಿ?" ಅಂತ ಕೇಳಿದರು. ಆ ಬೇಸಿಗೆಯಲ್ಲಿ ವಾರಕ್ಕೆ ಮೂರು ದಿನ, ದಿನಕ್ಕೆ 40 ಸಲ ಎಡಕ್ಕೆ ನಿಂತೆ. ಎಷ್ಟು ಸಲ ಬಿದ್ದೆ ಅಂತ ಲೆಕ್ಕ ಇಟ್ಟಿಲ್ಲ.

ಅವರೇ ಕಲಿಸಿದ ಒಂದು ಅಭ್ಯಾಸ ಹೇಳುತ್ತೇನೆ. ನೀವು ಹಿಂದಕ್ಕೆ ಹೋಗುತ್ತಿರಿ. ಎದುರಿಗೆ ಬರುವ ಗೆಳೆಯ ಎದೆಯ ಹತ್ತಿರ ಬೆರಳು ತೋರಿಸುತ್ತಾ ಬರಲಿ. ಎರಡು, ಐದು, ಒಂದು ಅಂತ ನೀವು ಜೋರಾಗಿ ಹೇಳುತ್ತಾ ಹೋಗಿ. ಒಂದು ಸಲ ತಪ್ಪು ಹೇಳಿದರೂ ಮತ್ತೆ ಮೊದಲಿನಿಂದ. ಹದಿನೈದು ದಿನದಲ್ಲಿ ಕಾಲಿನ ಕಡೆ ಗಮನ ಕೊಡುವ ಚಟ ಬಿಡುತ್ತದೆ.

ಬೋರ್ಡ್, ಅಂದರೆ ರಿಂಕ್ ಸುತ್ತಲಿನ ಗೋಡೆ, ಹತ್ತಬೇಕಾದ ಸಂದರ್ಭವೂ ಬರುತ್ತದೆ. ಪಕ್ ನಿಮ್ಮ ಕಾಲಿನ ಕಡೆಗೇ ಬರುತ್ತಿದೆ, ಹಿಂದೆ ಬೋರ್ಡ್ ಇದೆ, ಓಡಲು ಜಾಗ ಇಲ್ಲ. ಆಗ ಎರಡೂ ಕೈಯಲ್ಲಿ ಬೋರ್ಡಿನ ಮೇಲಂಚು ಹಿಡಿದು ಮೈಯನ್ನು ಮೇಲಕ್ಕೆ ಎತ್ತಿಕೊಳ್ಳಬೇಕು, ಪಕ್ ಕೆಳಗಿನಿಂದ ಹೋಗಬೇಕು. ಟಿವಿಯಲ್ಲಿ ನೋಡಿದರೆ ಕೋತಿ ಆಟ ಅನ್ನಿಸುತ್ತದೆ. ಖಾಲಿ ರಿಂಕ್‌ನಲ್ಲಿ ಇದನ್ನು ಕಲಿತುಕೊಳ್ಳಿ.

ಸ್ಕೇಟ್ ಬ್ಲೇಡಿನ ಸಾಣೆಯ ಬಗ್ಗೆಯೂ ಒಂದು ಮಾತು. ಬ್ಲೇಡಿನ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ಕುಳಿ ಇರುತ್ತದೆ. ಕುಳಿ ಆಳವಾದಷ್ಟೂ ಬ್ಲೇಡ್ ಐಸನ್ನು ಜಾಸ್ತಿ ಕಚ್ಚುತ್ತದೆ, ಕಾಲು ಬೇಗ ಸೋಲುತ್ತದೆ. ಆಟಗಾರರಲ್ಲಿ ಸುಮಾರು ಜನ ಅರ್ಧ ಇಂಚಿನ ಅಳತೆಯಲ್ಲಿ ಸಾಣೆ ಹಿಡಿಸುತ್ತಾರೆ. ಈ ಅಳತೆ ಕುಳಿಯ ಬಾಗಿನ ತ್ರಿಜ್ಯ, ಅದು ದೊಡ್ಡದಾದಷ್ಟೂ ಕುಳಿ ಚಪ್ಪಟೆ. ಪಂದ್ಯ ಪೂರ್ತಿ ಜಾರುತ್ತಲೇ ಇರಬೇಕಾದ ನಮಗೆ ಅದಕ್ಕಿಂತ ಚಪ್ಪಟೆ ಒಳ್ಳೆಯದು. ಇಂಚಿನ ಎಂಟರಲ್ಲಿ ಐದು ಭಾಗ (5/8) ಅಥವಾ ಮುಕ್ಕಾಲು ಇಂಚು ಕೇಳಿ ನೋಡಿ. ಒಂದೇ ಸಲಕ್ಕೆ ಬದಲಾಯಿಸಿ ಪಂದ್ಯಕ್ಕೆ ಹೋಗಬೇಡಿ, ನಿಲ್ಲುವಾಗ ಜಾರಿ ಹೋಗುತ್ತೀರಿ.

ನನ್ನ ಮೊದಲ ಪಂದ್ಯದ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. 8 ವರ್ಷದ ಮಕ್ಕಳು. ಹಿಂದಕ್ಕೆ ಹೋಗುತ್ತಾ ನೀಲಿ ಗೆರೆ ದಾಟಿ ಬೆನ್ನ ಮೇಲೆ ಬಿದ್ದೆ. ಪಕ್ ಬಂದು ನನ್ನ ಕಾಲಿಗೆ ಬಡಿದು ಬೇರೆ ದಿಕ್ಕಿಗೆ ಹೋಯಿತು. ಗಾಬರಿಯಲ್ಲಿ ವಿಸಿಲ್ ಊದಿಬಿಟ್ಟೆ. ಊದಬಾರದಿತ್ತು. ಪಕ್ ರೆಫರಿಗೆ ತಗುಲಿದರೆ ಆಟ ನಿಲ್ಲುವುದಿಲ್ಲ, ರೆಫರಿಯೂ ಐಸ್‌ನ ಒಂದು ಭಾಗ ಇದ್ದಂತೆ. ಆದರೆ ರೆಫರಿಗೆ ತಗುಲಿ ನೇರವಾಗಿ ಗೋಲಿನೊಳಗೆ ಹೋದರೆ ಆ ಗೋಲ್ ಲೆಕ್ಕಕ್ಕಿಲ್ಲ. ಇದೆಲ್ಲ ಪುಸ್ತಕದಲ್ಲಿ ಓದಿದ್ದೆ. ಮಲಗಿಕೊಂಡಿದ್ದಾಗ ನೆನಪಾಗಲಿಲ್ಲ. ಗೋಲ್‌ಕೀಪರ್ ಹುಡುಗಿ ತನ್ನ ಜಾಗ ಬಿಟ್ಟು ಬಂದು, "ನಿಮಗೆ ನೋವಾಯ್ತಾ?" ಅಂತ ಕೇಳಿದಳು. ಆ ಪಂದ್ಯದಲ್ಲಿ ನನ್ನ ಜೊತೆ ಮರ್ಯಾದೆಯಿಂದ ಮಾತಾಡಿದವಳು ಅವಳೊಬ್ಬಳೇ.

ಹೆಸರು ಕೊಡುವುದು

ಇದು ಕಷ್ಟದ ಭಾಗವಲ್ಲ. ನೀವಿರುವ ದೇಶದ ಐಸ್ ಹಾಕಿ ಸಂಘದ ಮೂಲಕವೇ ಹೋಗಬೇಕು. ಅಮೆರಿಕದಲ್ಲಿ ಯುಎಸ್‌ಎ ಹಾಕಿ, ಕೆನಡಾದಲ್ಲಿ ಹಾಕಿ ಕೆನಡಾ ಮತ್ತು ಅದರ ಪ್ರಾಂತೀಯ ಶಾಖೆಗಳು. ಸೆಮಿನಾರ್, ನಿಯಮದ ಪರೀಕ್ಷೆ, ಮಕ್ಕಳ ಸುರಕ್ಷತೆಯ ತರಬೇತಿ, ವಯಸ್ಕರಾದರೆ ಹಿನ್ನೆಲೆ ತಪಾಸಣೆ. ಇಷ್ಟು ಮುಗಿದರೆ ಮೊದಲ ಹಂತದ ಅಧಿಕಾರಿ ಆಗುತ್ತೀರಿ. ಪ್ರತಿ ಸೀಸನ್‌ಗೂ ನವೀಕರಿಸಬೇಕು. ಅಂತಾರಾಷ್ಟ್ರೀಯ ಒಕ್ಕೂಟವಾದ ಐಐಎಚ್‌ಎಫ್‌ಗೆ ನೀವೇ ನೇರವಾಗಿ ಅರ್ಜಿ ಹಾಕಲು ಆಗುವುದಿಲ್ಲ. ನಿಮ್ಮ ದೇಶದ ಸಂಘ ನಿಮ್ಮ ಹೆಸರು ಕಳಿಸಬೇಕು.

ಪರೀಕ್ಷೆ ಪಾಸಾದ ಮೇಲೆ ಪಂದ್ಯಗಳನ್ನು ಹಂಚುವವರು ಒಬ್ಬರು ಇರುತ್ತಾರೆ. ಅಸೈನರ್ ಅನ್ನುತ್ತಾರೆ. ನಿಮ್ಮ ಮೊದಲ ಐದು ವರ್ಷದ ಭವಿಷ್ಯ ಅವರ ಫೋನಿನಲ್ಲಿದೆ. ಮೆಸೇಜ್ ಬಂದ ತಕ್ಷಣ ಆಗುತ್ತದೆ ಅಥವಾ ಆಗುವುದಿಲ್ಲ ಅಂತ ಹೇಳಿ. ಒಪ್ಪಿಕೊಂಡ ಪಂದ್ಯವನ್ನು ಕೊನೆ ಗಳಿಗೆಯಲ್ಲಿ ಬಿಡಬೇಡಿ. ಬೆಳಗ್ಗೆ 6 ಗಂಟೆಯ ಪಂದ್ಯ ಬೇಡ ಅಂತ ಮೂಗು ಮುರಿಯಬೇಡಿ. ನನಗಿಂತ ಚೆನ್ನಾಗಿ ಸ್ಕೇಟ್ ಮಾಡುತ್ತಿದ್ದ ಒಬ್ಬ ಹುಡುಗ ಇದ್ದ. ಮೂರು ಸಲ ಕೈಕೊಟ್ಟ. ನಾಲ್ಕನೇ ಸಲ ಅವನಿಗೆ ಫೋನೇ ಬರಲಿಲ್ಲ.

ನಿಯಮದ ಪುಸ್ತಕ

ಎನ್‌ಎಚ್‌ಎಲ್ ನಿಯಮ ಪುಸ್ತಕದಲ್ಲಿ 87 ನಿಯಮಗಳಿವೆ. ಆದರೆ ನೀವು ಮೊದಲು ಓದಬೇಕಾದ್ದು ಅದಲ್ಲ. ನಾಳೆ ನೀವು ಯಾವ ಲೀಗ್‌ನಲ್ಲಿ ನಿಲ್ಲುತ್ತೀರೋ ಅದರ ಪುಸ್ತಕ. ಟಿವಿ ನೋಡಿ ಕಲಿತವರು ಇಲ್ಲೇ ಜಾರುತ್ತಾರೆ. ಐಸಿಂಗನ್ನೇ ತೆಗೆದುಕೊಳ್ಳಿ. ಎನ್‌ಎಚ್‌ಎಲ್‌ನಲ್ಲಿ 2013-14ರಿಂದ ಹೈಬ್ರಿಡ್ ಐಸಿಂಗ್ ಇದೆ. ಪಕ್ ಕಡೆ ಓಡುತ್ತಿರುವ ಇಬ್ಬರು ಫೇಸ್‌ಆಫ್ ಚುಕ್ಕೆಯ ಹತ್ತಿರ ಬರುವಷ್ಟರಲ್ಲಿ ಯಾರು ಮುಂದಿದ್ದಾರೆ ಅಂತ ಲೈನ್ಸ್‌ಮನ್ ತೀರ್ಮಾನಿಸಬೇಕು. ಮಕ್ಕಳ ಪಂದ್ಯದಲ್ಲಿ ಈ ಓಟದ ಲೆಕ್ಕ ಇಲ್ಲದೆ, ಪಕ್ ಗೋಲ್ ಗೆರೆ ದಾಟಿದ ಕೂಡಲೇ ಊದುವ ಪದ್ಧತಿಯೂ ಇದೆ. ಮೈಗೆ ಮೈ ಡಿಕ್ಕಿ ಹೊಡೆಯಲು ಯಾವ ವಯಸ್ಸಿನಿಂದ ಬಿಡುತ್ತಾರೆ ಅನ್ನುವುದೂ ಹಾಗೆಯೇ ಬೇರೆ ಬೇರೆ.

ಓದುವುದಕ್ಕೆ ನನ್ನದೊಂದು ದಾರಿ ಇತ್ತು. ದಿನಕ್ಕೆ ಒಂದೇ ನಿಯಮ. ಓದಿದ ಮೇಲೆ ಪುಸ್ತಕ ಮುಚ್ಚಿ, "ಆದರೆ ಹೀಗಾದರೆ?" ಅಂತ ಮೂರು ಪ್ರಶ್ನೆ ನಾನೇ ಬರೆಯುತ್ತಿದ್ದೆ. ಎನ್‌ಎಚ್‌ಎಲ್‌ನ 60ನೇ ನಿಯಮ ಹೈ ಸ್ಟಿಕಿಂಗ್. ಸ್ಟಿಕ್ ಎದುರಾಳಿಯ ಮುಖಕ್ಕೆ ತಗುಲಿತು, 2 ನಿಮಿಷ. ಗಾಯವಾದರೆ? 4 ನಿಮಿಷ. ಪಕ್ ಹೊಡೆದ ಮೇಲೆ ಸ್ಟಿಕ್ ಮೇಲಕ್ಕೆ ಹೋಗುವಾಗ ತಗುಲಿದರೆ? ಅದು ಹೊಡೆತದ ಸಹಜ ಚಲನೆ ಆಗಿದ್ದರೆ ಪೆನಾಲ್ಟಿ ಇಲ್ಲ. ತನ್ನದೇ ತಂಡದವನ ಸ್ಟಿಕ್ ತಗುಲಿದರೆ? ಅದಕ್ಕೂ ಇಲ್ಲ. ಆದರೆ ರಕ್ತ ನೋಡಿದ ಕೂಡಲೇ ಕೈ ತಾನಾಗಿ ಮೇಲೇಳುತ್ತದೆ, ಅಲ್ವಾ? ಯಾರ ಸ್ಟಿಕ್ ಅಂತ ನೋಡಿದ್ದೀರಾ ಅನ್ನುವುದು ಮುಖ್ಯ. ನೋಡಲು ನೀವು ಸರಿಯಾದ ಬದಿಯಲ್ಲಿ ಇದ್ದಿರಬೇಕು. ಮತ್ತೆ ಕಾಲಿಗೇ ಬಂದೆ.

ತಡವಾದ ಪೆನಾಲ್ಟಿ ಅನ್ನುವುದು ಹೊಸಬರನ್ನು ಜಾಸ್ತಿ ಕಾಡುತ್ತದೆ. ಕೆಂಪು ತಂಡದವನು ತಪ್ಪು ಮಾಡಿದ, ಆದರೆ ಪಕ್ ಬಿಳಿ ತಂಡದ ಹತ್ತಿರ ಇದೆ. ಆಗ ವಿಸಿಲ್ ಊದಬಾರದು. ವಿಸಿಲ್ ಇಲ್ಲದ ಕೈಯನ್ನು ನೇರವಾಗಿ ಮೇಲೆತ್ತಿ ಕಾಯಬೇಕು. ಪಕ್ ಕೆಂಪು ತಂಡದ ಹತೋಟಿಗೆ ಬಂದಾಗ ಊದಬೇಕು. ಅಲ್ಲಿಯವರೆಗೆ ಬಿಳಿಯವರು ಆಡಿಕೊಳ್ಳಲಿ, ಗೋಲೂ ಹೊಡೆಯಲಿ. ನನ್ನ ಎರಡನೇ ಸೀಸನ್‌ನಲ್ಲಿ ಒಬ್ಬನನ್ನು ಕಾಲು ಕೊಟ್ಟು ಬೀಳಿಸಿದ್ದನ್ನು ಕಂಡ ಕೂಡಲೇ ಜೋರಾಗಿ ಊದಿದೆ. ಬಿದ್ದವನ ತಂಡದ ಇಬ್ಬರು ಅದೇ ಹೊತ್ತಿಗೆ ಗೋಲ್‌ಕೀಪರ್ ಎದುರಿಗೆ ಒಂಟಿಯಾಗಿ ನುಗ್ಗಿದ್ದರು. ನನ್ನ ವಿಸಿಲ್ ಅವರ ಗೋಲನ್ನು ನುಂಗಿತು. ತಪ್ಪು ಮಾಡಿದವರಿಗೆ ಲಾಭ, ತಪ್ಪಿಗೆ ಒಳಗಾದವರಿಗೆ ನಷ್ಟ. ಕೋಚ್ ಕೂಗಲಿಲ್ಲ. ನನ್ನನ್ನು ನೋಡಿ ತಲೆ ಅಲ್ಲಾಡಿಸಿದರು ಅಷ್ಟೇ. ಕೂಗಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಆ ವಾರ ಮನೆಯಲ್ಲಿ ಫ್ರಿಜ್ ಬಾಗಿಲು ತೆಗೆಯುವಾಗಲೂ ಇನ್ನೊಂದು ಕೈ ಮೇಲೆತ್ತಿಕೊಂಡು ಅಭ್ಯಾಸ ಮಾಡಿದೆ.

ಕೈ, ಬಾಯಿ, ಪಕ್

ಕೈಸನ್ನೆಗಳ ಹಿಂದೆ ಒಂದು ಕಥೆ ಇದೆ. ಬಿಲ್ ಚಾಡ್ವಿಕ್ ಅನ್ನುವವರು ಆಡುವ ಕಾಲದಲ್ಲಿ ಪಕ್ ತಗುಲಿ ಬಲಗಣ್ಣಿನ ದೃಷ್ಟಿ ಕಳೆದುಕೊಂಡರು. ಆಮೇಲೆ ರೆಫರಿ ಆದರು. 1955ರವರೆಗೂ ಎನ್‌ಎಚ್‌ಎಲ್‌ನಲ್ಲಿ ಕೆಲಸ ಮಾಡಿದರು. ಗದ್ದಲದಲ್ಲಿ ಪೆನಾಲ್ಟಿ ಯಾವುದು ಅಂತ ತಿಳಿಸಲು ಕೈಸನ್ನೆ ಶುರು ಮಾಡಿದ ಹೆಗ್ಗಳಿಕೆ ಅವರದೇ. 1964ರಲ್ಲಿ ಹಾಕಿ ಹಾಲ್ ಆಫ್ ಫೇಮ್‌ಗೆ ಸೇರಿದರು. ಒಂದೇ ಕಣ್ಣಿದ್ದವರು ಆಟಕ್ಕೆ ಎಷ್ಟು ಹತ್ತಿರ ಹೋಗಿ ನಿಲ್ಲಬೇಕಾಗಿತ್ತು ಅಂತ ಯೋಚಿಸಿ. ನನ್ನ ಪ್ರಕಾರ ಅವರನ್ನು ಕಾಪಾಡಿದ್ದು ಆ ಹತ್ತಿರವೇ.

ಸನ್ನೆಗಳನ್ನು ಕನ್ನಡಿ ಮುಂದೆ ಮಾಡಿ ನೋಡಿ. ಸಾಧ್ಯವಾದರೆ ವಿಡಿಯೋ ಮಾಡಿಸಿಕೊಳ್ಳಿ. ನನ್ನ ಮಗ ಒಂದು ಸಲ ನೋಡಿ, "ಅಮ್ಮ, ನೀನು ನೊಣ ಓಡಿಸ್ತಿರೋ ಹಾಗಿದೆ" ಅಂದ. ಸಿಟ್ಟು ಬಂತು, ಆದರೆ ಅವನು ಹೇಳಿದ್ದು ಸರಿ. ಗೋಲ್ ಇಲ್ಲ ಅಂತ ಹೇಳುವಾಗ ಎರಡೂ ಕೈ ಭುಜದ ಎತ್ತರದಲ್ಲಿ ಪೂರ್ತಿ ಅಗಲಬೇಕು. ಅರ್ಧಂಬರ್ಧ ಕೈ ಆಡಿಸಿದರೆ, ಇವರಿಗೇ ಖಾತ್ರಿ ಇಲ್ಲ ಅಂತ ಬೆಂಚಿಗೆ ಗೊತ್ತಾಗುತ್ತದೆ. ಗೋಲ್ ಆಗಿದ್ದರೆ ಗೋಲಿನ ಕಡೆಗೆ ಬೆರಳು ತೋರಿಸಿ, ಒಂದು ಕ್ಷಣ ಹಾಗೇ ನಿಲ್ಲಿ.

ಪೆನಾಲ್ಟಿ ಬರೆಸಲು ಸ್ಕೋರ್ ಬರೆಯುವವರ ಹತ್ತಿರ ಹೋಗುವಾಗ ಓಡುತ್ತಾ ಹೇಳಬೇಡಿ. ಹೋಗಿ ನಿಲ್ಲಿ. ತಂಡದ ಬಣ್ಣ, ಆಟಗಾರನ ನಂಬರ್, ಎಷ್ಟು ನಿಮಿಷ, ಯಾವ ತಪ್ಪು, ಸನ್ನೆ. "ನೀಲಿ, 14, ಎರಡು ನಿಮಿಷ, ಟ್ರಿಪ್ಪಿಂಗ್." ಟ್ರಿಪ್ಪಿಂಗ್ ಅಂದರೆ ಕಾಲು ಕೊಟ್ಟು ಬೀಳಿಸುವುದು. ಅಲ್ಲಿ ಐಸ್ ಮೇಲೆ 10 ಅಡಿ ತ್ರಿಜ್ಯದ ಅರ್ಧ ವೃತ್ತ ಬರೆದಿರುತ್ತದೆ. ಅದು ರೆಫರಿಯ ಜಾಗ, ನೀವು ಹೇಳುತ್ತಿರುವಾಗ ಆಟಗಾರರು ಅದರೊಳಗೆ ಬರುವ ಹಾಗಿಲ್ಲ. ಯಾರಾದರೂ ವಾದ ಮಾಡುತ್ತಾ ಬಂದರೆ ಗೆರೆಯ ಕಡೆ ಸುಮ್ನೆ ನೋಡಿ. ಹತ್ತರಲ್ಲಿ ಎಂಟು ಜನ ಅಲ್ಲೇ ನಿಲ್ಲುತ್ತಾರೆ.

ಫೇಸ್‌ಆಫ್‌ಗೆ ಪಕ್ ಬಿಡುವುದು ಸುಲಭ ಅಂತ ಕಾಣುತ್ತದೆ. ಅದು ಸುಲಭ ಅಲ್ಲ. ಪಕ್ ಅಂದರೆ 3 ಇಂಚು ಅಗಲ, 1 ಇಂಚು ದಪ್ಪದ ಗಟ್ಟಿ ರಬ್ಬರ್. ಸ್ವಲ್ಪ ಓರೆಯಾಗಿ ಬಿದ್ದರೂ ಗಾಲಿಯ ಹಾಗೆ ಉರುಳಿ ಹೋಗುತ್ತದೆ. ಚಪ್ಪಟೆಯಾಗಿ ಬೀಳಬೇಕು, ಎಸೆಯಬಾರದು, ಬಿಟ್ಟ ಕೂಡಲೇ ಕೈ ಹಿಂದಕ್ಕೆ ಬರಬೇಕು. ಕೈ ಅಲ್ಲೇ ಮರೆತ ನನ್ನ ಹೆಬ್ಬೆರಳಿನ ಉಗುರು ಒಂದು ತಿಂಗಳು ನೀಲಿಯಾಗಿತ್ತು. ಮನೆಯಲ್ಲಿ ರಬ್ಬರ್ ಮ್ಯಾಟ್ ಮೇಲೆ ದಿನಾ 50 ಸಲ ಬಿಡಿ. ಯಾರು ಮೊದಲು ಸ್ಟಿಕ್ ಇಡಬೇಕು ಅನ್ನುವುದೂ ನೆನಪಿರಲಿ. ಎನ್‌ಎಚ್‌ಎಲ್‌ನಲ್ಲಿ ನಡು ಚುಕ್ಕೆಯಲ್ಲಿ ಅತಿಥಿ ತಂಡದವನು ಮೊದಲು, ಗೋಲಿನ ಹತ್ತಿರದ ವೃತ್ತಗಳಲ್ಲಿ ರಕ್ಷಣೆ ಮಾಡುವವನು ಮೊದಲು.

ವಿಸಿಲ್ ವಿಷಯ ಚಿಕ್ಕದು. ಬೆರಳಿಗೆ ಸಿಕ್ಕಿಸುವ ಬಗೆಯದು ತೆಗೆದುಕೊಳ್ಳಿ, ಒಳಗೆ ಗೋಲಿ ಇಲ್ಲದ್ದು. ಫಾಕ್ಸ್ 40 ಅನ್ನುವ ವಿಸಿಲ್ ಹೆಸರುವಾಸಿ. ರಾನ್ ಫಾಕ್ಸ್‌ಕ್ರಾಫ್ಟ್ ಅನ್ನುವ ಕೆನಡಾದ ಬಾಸ್ಕೆಟ್‌ಬಾಲ್ ರೆಫರಿ ಅದನ್ನು ಮಾಡಿಸಿದ್ದೇ ಗೋಲಿ ಸಿಕ್ಕಿಕೊಂಡು ಸದ್ದು ಬರದೆ ಹೋಗುವ ಕಾಟಕ್ಕೆ. ಚೀಲದಲ್ಲಿ ಇನ್ನೊಂದು ಇರಲಿ. ಸ್ಕೇಟ್ ದಾರವೂ ಇನ್ನೊಂದು ಜೊತೆ ಇರಲಿ. ಹೆಲ್ಮೆಟ್ ಬಗ್ಗೆ ಚರ್ಚೆಯೇ ಬೇಡ. ಎನ್‌ಎಚ್‌ಎಲ್‌ನಲ್ಲಿ ಹೆಲ್ಮೆಟ್ ಹಾಕಿದ ಮೊದಲ ರೆಫರಿ ಆಂಡಿ ವ್ಯಾನ್ ಹೆಲ್ಲೆಮಂಡ್, 1984ರಲ್ಲಿ. ಅಲ್ಲಿಯವರೆಗೆ ಬರಿತಲೆ. ಈಗ ಆ ಹಳೆಯ ಚಿತ್ರಗಳನ್ನು ನೋಡಿದರೆ ಮೈ ಜುಮ್ಮೆನ್ನುತ್ತದೆ.

ಕಾಣದ್ದನ್ನು ಊದಬೇಡಿ

1993ರ ಮೇ 27. ಎನ್‌ಎಚ್‌ಎಲ್ ತಂಡಗಳಾದ ಲಾಸ್ ಏಂಜಲೀಸ್ ಕಿಂಗ್ಸ್ ಮತ್ತು ಟೊರಾಂಟೊ ಮೇಪಲ್ ಲೀಫ್ಸ್ ನಡುವಿನ ಪ್ಲೇಆಫ್ ಸರಣಿಯ 6ನೇ ಪಂದ್ಯ, ಓವರ್‌ಟೈಮ್. ಕಿಂಗ್ಸ್‌ನ ವೇಯ್ನ್ ಗ್ರೆಟ್ಸ್ಕಿಯ ಸ್ಟಿಕ್ ಟೊರಾಂಟೊದ ಡಗ್ ಗಿಲ್ಮೋರ್ ಮುಖಕ್ಕೆ ತಗುಲಿತು, ರಕ್ತ ಬಂತು. ರೆಫರಿ ಕೆರಿ ಫ್ರೇಸರ್‌ಗೆ ಅದು ಕಾಣಲಿಲ್ಲ. ಲೈನ್ಸ್‌ಮನ್‌ಗಳನ್ನು ಕೇಳಿದರು, ಅವರಿಂದಲೂ ಉತ್ತರ ಸಿಗಲಿಲ್ಲ. ಪೆನಾಲ್ಟಿ ಕೊಡಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಗ್ರೆಟ್ಸ್ಕಿಯೇ ಗೋಲ್ ಹೊಡೆದು ಪಂದ್ಯ ಗೆಲ್ಲಿಸಿದರು. ಟೊರಾಂಟೊ ಅಭಿಮಾನಿಗಳು ಇವತ್ತಿಗೂ ಅದನ್ನು ಮರೆತಿಲ್ಲ.

ಹೊಸಬರಿಗೆ ನಾನು ಈ ವಿಡಿಯೋ ತೋರಿಸಿ ಒಂದೇ ಪ್ರಶ್ನೆ ಕೇಳುತ್ತೇನೆ. ನೀವಾಗಿದ್ದರೆ? "ರಕ್ತ ಇತ್ತಲ್ಲ, ಕೊಡುತ್ತಿದ್ದೆ" ಅನ್ನುವವರೇ ಜಾಸ್ತಿ. ಯಾರಿಗೆ ಕೊಡುತ್ತಿದ್ದಿರಿ, ಯಾವುದಕ್ಕೆ? ನೋಡದ ತಪ್ಪಿಗೆ ಊಹೆಯಲ್ಲಿ ಶಿಕ್ಷೆ ಕೊಡಲು ಆಗುವುದಿಲ್ಲ. ಪಂದ್ಯ ಮುಗಿದ ಮೇಲೆ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಆ ಕ್ಷಣಕ್ಕೆ ನಾನು ಎಲ್ಲಿ ನಿಂತಿದ್ದರೆ ಕಾಣುತ್ತಿತ್ತು? ಅದಕ್ಕೆ ಉತ್ತರ ಹುಡುಕುವವರು ಮುಂದಿನ ವರ್ಷ ಮೇಲಿನ ಲೀಗ್‌ನಲ್ಲಿ ಇರುತ್ತಾರೆ.

ಬೆಂಚಿನವರು, ಗ್ಯಾಲರಿಯವರು

ಕೂಗುವವರು ಇದ್ದೇ ಇರುತ್ತಾರೆ. ಪ್ರಶ್ನೆಗೆ ಉತ್ತರ ಕೊಡಿ, ಬರೀ ಕೂಗಿಗೆ ಬೇಡ. "ಅದು ಯಾಕೆ ಆಫ್‌ಸೈಡ್?" ಅಂದರೆ ಒಂದು ವಾಕ್ಯದಲ್ಲಿ ಹೇಳಿ. "ನಿಮಗೆ ಕಣ್ಣಿಲ್ವಾ?" ಅನ್ನುವುದು ಪ್ರಶ್ನೆಯಲ್ಲ. ಎಚ್ಚರಿಕೆ ಒಂದೇ ಸಲ, ಆಮೇಲೆ ಬೆಂಚ್ ಪೆನಾಲ್ಟಿ, ಅಂದರೆ ಇಡೀ ತಂಡದ ಮೇಲೆ ಹಾಕುವ ಪೆನಾಲ್ಟಿ. ಕೊಡುತ್ತೇನೆ ಕೊಡುತ್ತೇನೆ ಅಂತ ಹೆದರಿಸುತ್ತಾ ಕೊಡದೇ ಇರುವುದು ಎಲ್ಲಕ್ಕಿಂತ ಕೆಟ್ಟದ್ದು. ತಪ್ಪು ಮಾಡಿದ್ದರೆ ಒಪ್ಪಿಕೊಳ್ಳಿ. "ನನಗೆ ಆ ಕೋನದಿಂದ ಕಾಣಲಿಲ್ಲ ಕೋಚ್" ಅಂದರೆ ಅರ್ಧ ಸಿಟ್ಟು ಇಳಿಯುತ್ತದೆ. ಇದನ್ನು ಪಂದ್ಯಕ್ಕೆ ಒಂದು ಸಲ ಹೇಳಬಹುದು. ನಾಲ್ಕು ಸಲ ಹೇಳಿದರೆ ಮತ್ತೆ ಎಲ್ಲಿದ್ದಿರಿ ಅಂತ ಕೇಳುತ್ತಾರೆ.

ಒಂದು ಸಲ ಪಂದ್ಯ ಮುಗಿದ ಮೇಲೆ ಒಬ್ಬ ತಂದೆ ಬಟ್ಟೆ ಬದಲಿಸುವ ಕೋಣೆಯ ಬಾಗಿಲ ತನಕ ನನ್ನ ಹಿಂದೆ ಬಂದ. ಅವನ ಮಗನಿಗೆ 11 ವರ್ಷ. ನನ್ನ ಜೊತೆಗಾರ ಪಕ್ಕದಲ್ಲಿದ್ದ, ಅದಕ್ಕೇ ಬಚಾವಾದೆ. ಅವತ್ತಿನಿಂದ ಒಬ್ಬಳೇ ಹೊರಗೆ ಹೋಗಿಲ್ಲ. ನೀವೂ ಹೋಗಬೇಡಿ, ಗಂಡಸಾದರೂ ಸರಿ ಹೆಂಗಸಾದರೂ ಸರಿ. ಅಂಥದ್ದು ಆದರೆ ಅದೇ ರಾತ್ರಿ ವರದಿ ಬರೆಯಿರಿ. ನಾಳೆಗೆ ಬಿಟ್ಟರೆ ಅರ್ಧ ಮಾತು ಮರೆತಿರುತ್ತೀರಿ, ಇನ್ನರ್ಧ ಬಣ್ಣ ಹಚ್ಚಿಕೊಂಡಿರುತ್ತದೆ.

ಮೇಲೆ ಹೋಗುವ ಏಣಿ

ಉತ್ತರ ಅಮೆರಿಕದ ದಾರಿ ಹೆಚ್ಚುಕಡಿಮೆ ಹೀಗಿದೆ. ಮಕ್ಕಳ ಪಂದ್ಯಗಳು, ಆಮೇಲೆ ಜೂನಿಯರ್ ಲೀಗ್‌ಗಳು, ಕೆಲವರಿಗೆ ಕಾಲೇಜು ಹಾಕಿ. ಅಮೆರಿಕದ ಯುಎಸ್‌ಎಚ್‌ಎಲ್, ಕೆನಡಾದ ಓಎಚ್‌ಎಲ್, ಡಬ್ಲ್ಯುಎಚ್‌ಎಲ್ ಇವೆಲ್ಲ ಜೂನಿಯರ್ ಲೀಗ್‌ಗಳು. ಅಲ್ಲಿಂದ ಇಸಿಎಚ್‌ಎಲ್, ಅದರ ಮೇಲೆ ಎಎಚ್‌ಎಲ್, ತುದಿಯಲ್ಲಿ ಎನ್‌ಎಚ್‌ಎಲ್. ಇಡೀ ಎನ್‌ಎಚ್‌ಎಲ್‌ನಲ್ಲಿ ಪೂರ್ಣಾವಧಿ ರೆಫರಿ, ಲೈನ್ಸ್‌ಮನ್ ಎಲ್ಲ ಸೇರಿ 70ರ ಆಸುಪಾಸು ಅಷ್ಟೇ. ಒಬ್ಬರು ನಿವೃತ್ತಿಯಾದರೆ ಒಂದು ಜಾಗ ಖಾಲಿ. ರೇ ಸ್ಕಾಪಿನೆಲ್ಲೊ ಅನ್ನುವ ಲೈನ್ಸ್‌ಮನ್ 33 ಸೀಸನ್‌ಗಳಲ್ಲಿ 2,500 ಲೀಗ್ ಪಂದ್ಯ ಮಾಡಿದರು, ಒಪ್ಪಿಸಿದ ಒಂದು ಪಂದ್ಯವನ್ನೂ ತಪ್ಪಿಸಲಿಲ್ಲ. ಇಂಥವರು ಕೂತಿರುವ ಕುರ್ಚಿಗೆ ನೀವು ಕಾಯುತ್ತಿರುವುದು.

ಒಂದು ಅಡ್ಡದಾರಿ ಇದೆ. ನೀವು ಜೂನಿಯರ್, ಕಾಲೇಜು ಅಥವಾ ಪ್ರೊ ಮಟ್ಟದಲ್ಲಿ ಆಡಿದವರಾದರೆ ಅದು ನಿಮಗೆ. ಎನ್‌ಎಚ್‌ಎಲ್ 2014ರಿಂದ ಬಫಲೋ ನಗರದಲ್ಲಿ ಅಧಿಕಾರಿಗಳ ಕಂಬೈನ್ ಶುರು ಮಾಡಿತು. ಆಟ ಬಿಟ್ಟ ಆಟಗಾರರನ್ನು ಕರೆದು, ಐಸ್ ಮೇಲೂ ಜಿಮ್‌ನಲ್ಲೂ ಪರೀಕ್ಷೆ ಮಾಡಿ, ಕೆಲಸ ಹೇಗಿರುತ್ತದೆ ಅಂತ ತೋರಿಸುತ್ತಾರೆ. ಯಾಕೆ ಆಟಗಾರರೇ? ನಿಯಮ ಕಲಿಸಬಹುದು, ವಿಸಿಲ್ ಹಿಡಿಯುವುದು ಕಲಿಸಬಹುದು. ಹದಿನೈದು ವರ್ಷದ ಸ್ಕೇಟಿಂಗನ್ನು ಒಂದು ವಾರದಲ್ಲಿ ಕಲಿಸಲು ಆಗುವುದಿಲ್ಲ. ನಾನು ಇಷ್ಟು ಹೊತ್ತು ಹೇಳಿದ್ದನ್ನೇ ಅವರೂ ಹೇಳುತ್ತಿದ್ದಾರೆ.

ಹೆಣ್ಣುಮಕ್ಕಳಿಗೆ ನನ್ನ ಕಾಲಕ್ಕಿಂತ ಈಗ ಬಾಗಿಲು ಅಗಲವಾಗಿದೆ. 2019ರಲ್ಲಿ ನಾಲ್ವರು ಮಹಿಳೆಯರು ಎನ್‌ಎಚ್‌ಎಲ್ ತಂಡಗಳ ಹೊಸ ಆಟಗಾರರ ಟೂರ್ನಿಗಳಲ್ಲಿ ಕೆಲಸ ಮಾಡಿದರು. 2021-22ರ ಸೀಸನ್‌ಗೆ ಎಎಚ್‌ಎಲ್ 10 ಮಹಿಳಾ ಅಧಿಕಾರಿಗಳನ್ನು ತೆಗೆದುಕೊಂಡಿತು. ಅವರಲ್ಲಿ ಕೇಟಿ ಗ್ವೇ ಆ ಲೀಗ್‌ನ ಪಂದ್ಯಕ್ಕೆ ರೆಫರಿಯಾದ ಮೊದಲ ಮಹಿಳೆ. ನಾನು ಆ ಸುದ್ದಿಯನ್ನು ಮೊಣಕಾಲಿಗೆ ಐಸ್ ಪ್ಯಾಕ್ ಕಟ್ಟಿಕೊಂಡು ಓದಿದೆ. ಖುಷಿಯೂ ಆಯಿತು, ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಪ್ರೊ ಆದವರ ಜೀವನದ ಬಗ್ಗೆ ಒಂದೇ ಮಾತು. ತಂಡಕ್ಕೆ ಅರ್ಧ ಪಂದ್ಯ ತನ್ನೂರಲ್ಲಿ. ರೆಫರಿಗೆ ಯಾವ ಊರೂ ತನ್ನೂರಲ್ಲ. ವಿಮಾನ, ಹೋಟೆಲ್, ರಿಂಕ್, ಮತ್ತೆ ವಿಮಾನ. ಎನ್‌ಎಚ್‌ಎಲ್‌ನಲ್ಲಿ 2015-16ರಿಂದ ಕೋಚ್‌ಗಳು ನಿಮ್ಮ ಕೆಲವು ತೀರ್ಪುಗಳನ್ನು ಪ್ರಶ್ನಿಸಿ ವಿಡಿಯೋ ಪರಿಶೀಲನೆ ಕೇಳಬಹುದು. ತುಂಬಿದ ಗ್ಯಾಲರಿ ಎದುರಿಗೆ ನಿಮ್ಮ ಮಾತನ್ನು ನೀವೇ ಬದಲಿಸಿ ಹೇಳಬೇಕಾಗುತ್ತದೆ. ಮುಖ ಸಪ್ಪಗೆ ಮಾಡಿಕೊಳ್ಳದೆ ಅದನ್ನು ಹೇಳಲು ಬರುತ್ತದಾ ಅಂತ ಈಗಲೇ ಯೋಚಿಸಿ.

ನನ್ನ ನೋಟ್‌ಬುಕ್‌ನಲ್ಲಿ ಏನಿರುತ್ತದೆ

ನಿಮ್ಮನ್ನು ನೋಡಲು ಯಾರೋ ಬಂದು ಕೂತಿರುತ್ತಾರೆ, ಹೇಳಿಯೇ ಬರುತ್ತಾರೆ ಅಂತೇನಿಲ್ಲ. ನಾನಂತೂ ಪುಟದ ಮೇಲೆ ಮೊದಲು ರಿಂಕ್ ಚಿತ್ರ ಬರೆದುಕೊಳ್ಳುತ್ತೇನೆ. ವಿಸಿಲ್ ಊದಿದಾಗಲೆಲ್ಲ ರೆಫರಿ ಎಲ್ಲಿದ್ದ ಅಂತ ಒಂದು ಚುಕ್ಕೆ, ತಪ್ಪು ಎಲ್ಲಾಯಿತು ಅಂತ ಒಂದು ಗುಣಾಕಾರ ಚಿಹ್ನೆ. ಎರಡರ ನಡುವೆ ಗೆರೆ. ಪಂದ್ಯ ಮುಗಿದಾಗ ಗೆರೆಗಳು ಗಿಡ್ಡ ಇದ್ದರೆ ನಾನು ಜಾಸ್ತಿ ಬರೆಯುವುದಿಲ್ಲ. ಉದ್ದ ಇದ್ದರೆ, ತೀರ್ಪು ಸರಿಯಾಗಿದ್ದರೂ ಬರೆಯುತ್ತೇನೆ.

ಮೂರನೇ ಪೀರಿಯಡ್‌ನ ಕೊನೆಯ 5 ನಿಮಿಷ ಬೇರೆ ಪುಟ. ಆಗ ಯಾರು ಇನ್ನೂ ಗೋಲ್ ಗೆರೆಯ ತನಕ ಹೋಗುತ್ತಾರೆ, ಯಾರು ನೀಲಿ ಗೆರೆಯ ಹತ್ತಿರವೇ ನಿಂತು ಕತ್ತು ಚಾಚುತ್ತಾರೆ ಅಂತ ನೋಡುತ್ತೇನೆ. ಕೆಟ್ಟ ತೀರ್ಪು ಕೊಟ್ಟ ಮೇಲಿನ ಎರಡು ನಿಮಿಷವನ್ನೂ ನೋಡುತ್ತೇನೆ. ಕೆಲವರು ಇನ್ನೊಂದು ತಂಡಕ್ಕೆ ಒಂದು ಪೆನಾಲ್ಟಿ ಕೊಟ್ಟು ಸರಿದೂಗಿಸಲು ಹೋಗುತ್ತಾರೆ. ಗ್ಯಾಲರಿಯಲ್ಲಿ ಕೂತ ಅಜ್ಜಿಗೂ ಅದು ಗೊತ್ತಾಗುತ್ತದೆ.

ಪಂದ್ಯ ಮುಗಿದ ಮೇಲೆ ನಾನು ಆ ಪುಟ ಹರಿದು ಅವರ ಕೈಗೇ ಕೊಡುತ್ತೇನೆ. ನಿಮಗೆ ಯಾರೂ ಕೊಡದಿದ್ದರೆ ನೀವೇ ಕೇಳಿ. ಗೆಳೆಯನ ಹತ್ತಿರ ಪಂದ್ಯದ ವಿಡಿಯೋ ಮಾಡಿಸಿ ನೀವೇ ಚುಕ್ಕೆ ಹಾಕಿಕೊಳ್ಳಿ.

ಸೆಮಿನಾರ್‌ಗಳು ಸಾಮಾನ್ಯವಾಗಿ ಸೀಸನ್ ಶುರುವಾಗುವ ಮುಂಚೆ ಇರುತ್ತವೆ. ನಿಮ್ಮ ಸಂಘದ ವೇಳಾಪಟ್ಟಿ ಈಗಲೇ ನೋಡಿ, ಹೆಸರು ಕೊಡಿ. ಅಷ್ಟರೊಳಗೆ ನಿಮಗೆ ಯಾವ ಬದಿಗೆ ನಿಲ್ಲಲು ಬರುವುದಿಲ್ಲವೋ ಆ ಬದಿಗೆ ನಿಲ್ಲುವುದನ್ನು ಕಲಿತಿರಿ. ದಿನಕ್ಕೆ 40 ಸಲ. ಮೊಣಕಾಲಿಗೆ ಪ್ಯಾಡ್ ಹಾಕಿಕೊಂಡು.